ಹೂ ಕಟ್ಟುವ ಕೈ

ವಿಜಯನಗರದ ಮಾರುಕಟ್ಟೆಯಲ್ಲಿ ಹೂ ಮಾರುವ ಆಂಟಿಯ ಕೈಗಳ ಫೋಟೊವನ್ನು ಆರೇಳು ವರ್ಷದ ಹಿಂದೆ ತೆಗೆದಿದ್ದೆ. ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿರುವ ಬೆರಳುಗಳು, ಅಷ್ಟೇ. ಅದನ್ನು ಫೋಟೊ ಮಾರುವ ಒಂದು ವಿದೇಶಿ ವೆಬ್‌ಸೈಟಿಗೆ ಹಾಕಿದೆ. ಯಾರಾದರೂ ಡೌನ್‌ಲೋಡ್ ಮಾಡಿಕೊಂಡರೆ ನನಗೊಂದು ಪಾಲು ಬರುತ್ತಿತ್ತು. ದುಡ್ಡು ಬಂದಾಗಲೆಲ್ಲ ಆಂಟಿಯ ಹತ್ತಿರ ಎರಡು ಮೊಳ ಹೂ ಕೊಂಡು, "ನಿಮ್ ಕೈ ಮಾರಾಟ ಆಯ್ತು" ಅನ್ನುತ್ತಿದ್ದೆ. ಆಕೆ ನಗುತ್ತಾ ಮೊಳ ಹಾಕಿ, ಮೇಲೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸುತ್ತಿದ್ದರು.

ಆ ಪಾಲನ್ನು ವೆಬ್‌ಸೈಟಿನವರು ಇಳಿಸುತ್ತಾ ಇಳಿಸುತ್ತಾ ಬಂದರು; ಈಗ ಹತ್ತು ಜನ ತೆಗೆದುಕೊಂಡರೂ ಒಂದು ಮೊಳ ಹೂವಿಗೆ ಸಾಲುವುದಿಲ್ಲ. ಇಮೇಲ್ ಬರೆದರೆ ಯಂತ್ರ ಉತ್ತರ ಕೊಡುತ್ತದೆ, ಅದೂ ಧನ್ಯವಾದ ಹೇಳಿ. ಯಾರ ಕೊರಳಪಟ್ಟಿ ಹಿಡಿಯುವುದು? ಆಂಟಿಗೆ ಮುಖ ತೋರಿಸಲು ನಾಚಿಕೆಯಾಗಿ ನಾನು ಆ ಮಾರುಕಟ್ಟೆಗೆ ಹೋಗುವುದನ್ನೇ ಬಿಟ್ಟೆ.

ಹೋದ ವಾರ ಮೆಟ್ರೊ ಇಳಿದು ಬರುವಾಗ ಆಂಟಿಯೇ ಕೂಗಿ ಕರೆದರು.

"ಏನ್ ಸಾರ್, ನನ್ ಕೈ ಈಗ ಯಾರೂ ತಗೊಳಲ್ವಾ?"

"ಮುಂಚೆಗಿಂತ ಜಾಸ್ತಿನೇ ತಗೊಳ್ತಿದಾರೆ ಆಂಟಿ. ನಮಗೆ ಕೊಡೋದೇ ಕಮ್ಮಿ ಮಾಡ್ಬಿಟ್ಟಿದಾರೆ."

ಆಕೆ ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಂಡರು.

"ಇರ್ಲಿ ಬಿಡಿ ಸಾರ್, ಸುಕ್ಕಾಗೋಗಿದೆ" ಎಂದು ಕೈಯನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ, ಪಕ್ಕದಲ್ಲಿ ಹೂವಿಗೆ ನೀರು ಚಿಮುಕಿಸುತ್ತಿದ್ದ ಸೊಸೆಯ ಕೈ ಹಿಡಿದು ನನ್ನ ಮುಂದೆ ಚಾಚಿದರು.

"ಇವಳ್ದು ತೆಗೀರಿ. ಇವಳ ಕೈ ಇನ್ನೂ ಚೆನ್ನಾಗಿದೆ."