ಅಜ್ಜಿಯ ಬೋರ್ಡು ಹಿಡಿದ ಪೊಲೀಸ್

2006ರ ಬೇಸಿಗೆಯಲ್ಲಿ ಲೆಬನಾನಿನ ಮೇಲೆ ಬಾಂಬು ಬೀಳುತ್ತಿದ್ದಾಗ ನಾವು ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್‌ನಲ್ಲಿದ್ದೆವು. ಪಕ್ಕದ ಮನೆಯಲ್ಲಿ ದಕ್ಷಿಣ ಲೆಬನಾನಿನ ಹಳ್ಳಿಯಿಂದ ಬಂದ ಅಜ್ಜಿಯೊಬ್ಬರಿದ್ದರು. ಒಂದು ಭಾನುವಾರ ಬಂದು, "ಮಗಳೇ, ಮೆರವಣಿಗೆಗೆ ಹೋಗಬೇಕು. ಮಗ ಕೆಲಸಕ್ಕೆ ಹೋಗಿದಾನೆ, ನೀನೇ ಡ್ರೈವ್ ಮಾಡು" ಅಂದರು, ಅವರಿಗೆ ಬರುತ್ತಿದ್ದಷ್ಟು ಇಂಗ್ಲಿಷಿನಲ್ಲಿ. ಕೈಯಲ್ಲಿ ಕೋಲಿಗೆ ಅಂಟಿಸಿದ ರಟ್ಟಿನ ಬೋರ್ಡು: 'ಬಾಂಬು ನಿಲ್ಲಿಸಿ'.

ನನಗೆ ಮೆರವಣಿಗೆ ಅಂದರೇ ಭಯ. ತುಮಕೂರಿನಲ್ಲಿ ಓದುವಾಗ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ ಬೀಸಿದ್ದನ್ನು ಕಣ್ಣಾರೆ ಕಂಡಿದ್ದೆ. ಇಲ್ಲಿ ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿ ಕೂತಿದ್ದೆವು, ಪೊಲೀಸ್ ಕೇಸಾದರೆ ಅದಕ್ಕೇ ಕುತ್ತು. ಆದರೂ ಅಜ್ಜಿಯನ್ನು ಒಬ್ಬರೇ ಹೇಗೆ ಕಳಿಸಲಿ?

ರಸ್ತೆ ತುಂಬ ಜನ, ಘೋಷಣೆ, ಸ್ಟ್ರಾಲರ್‌ಗಳಲ್ಲಿ ಕೂಸುಗಳು. ಎರಡೂ ಬದಿಗೆ ಪೊಲೀಸರು. ಒಂದು ಕಟ್ಟಡದ ಮಹಡಿಯ ಮೇಲಿಂದ ಒಬ್ಬ ವಿಡಿಯೊ ತೆಗೆಯುತ್ತಿದ್ದ. ನಾನು ದುಪಟ್ಟಾ ಮುಖದ ಮೇಲಕ್ಕೆ ಎಳೆದುಕೊಂಡೆ. ಅಜ್ಜಿ ಅವನಿಗೆ ಕೈಬೀಸಿದರು.

ಅರ್ಧ ದಾರಿಯಲ್ಲಿ ಅಜ್ಜಿಯ ಶೂ ಲೇಸ್ ಬಿಚ್ಚಿತು. ಹತ್ತಿರ ನಿಂತಿದ್ದ ಪೊಲೀಸನ ಕೈಗೆ ಬೋರ್ಡು ತುರುಕಿ, "ಹಿಡಿ ಮಗನೇ" ಅಂದು ಫುಟ್‌ಪಾತಿನ ಅಂಚಿಗೆ ಕೂತೇಬಿಟ್ಟರು. ನಾನು ಬಗ್ಗಿ ಲೇಸ್ ಕಟ್ಟತೊಡಗಿದೆ. ಪಾಪ, ಆ ಉದ್ದನೆಯ ಹುಡುಗ ಬೋರ್ಡು ಇಳಿಸಲೂ ಆಗದೆ ಎತ್ತಲೂ ಆಗದೆ ನಿಂತ. ಜನ ನೋಡಿ ಚಪ್ಪಾಳೆ, ಸಿಳ್ಳೆ.

ಅವನ ಮೇಲಧಿಕಾರಿ ದಾಪುಗಾಲು ಹಾಕಿಕೊಂಡು ಬಂದ. "ಏನದು ಕೈಯಲ್ಲಿ?"

"ಈ ಅಜ್ಜಿದು ಸರ್. ಲೇಸ್ ಕಟ್ಟೋವರೆಗೆ..."

ಅಧಿಕಾರಿ ಬೋರ್ಡು ನೋಡಿದ, ಅಜ್ಜಿಯನ್ನು ನೋಡಿದ. "ನೆಟ್ಟಗೆ ಹಿಡಿ, ಯಾರ ಕಣ್ಣಿಗಾದರೂ ಚುಚ್ಚೀತು" ಅಂದು ಮುಂದೆ ಹೋದ. ನಾನು ನಕ್ಕ ನಗುವಿಗೆ ಲೇಸಿನ ಗಂಟು ಮತ್ತೆ ಬಿಚ್ಚಿಕೊಂಡಿತು.

ಬಿಸಿಲು ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಅಜ್ಜಿಗೆ ಮುಂದೆ ನಡೆಯಲಾಗಲಿಲ್ಲ. ನಮ್ಮ ಕಾರು ಎಲ್ಲೋ ದೂರದಲ್ಲಿತ್ತು. ಆ ಹುಡುಗನೇ ತನ್ನ ಗಾಡಿಯಲ್ಲಿ ಮನೆಗೆ ಬಿಟ್ಟ. ಹುಲ್ಲಿಗೆ ನೀರು ಬಿಡುತ್ತಿದ್ದ ನನ್ನ ಗಂಡ, ನಾನು ಪೊಲೀಸ್ ಕಾರಿನ ಹಿಂದಿನ ಸೀಟಿಂದ ಇಳಿದದ್ದು ಕಂಡು ಪೈಪನ್ನು ತನ್ನ ಕಾಲ ಮೇಲೇ ಹಿಡಿದುಕೊಂಡ.

"ಅಯ್ಯೋ! ಏನ್ ಮಾಡ್ದೆ ನೀನು?"

"ಲೇಸ್ ಕಟ್ಟಿದೆ" ಅಂದೆ.

ಅಜ್ಜಿ ಹುಡುಗನಿಗೆ ಬಿಸಿ ರೊಟ್ಟಿ ತಿನ್ನಿಸದೆ ಬಿಡಲಿಲ್ಲ. ಅವನು ನಿಂತೇ ತಿನ್ನುತ್ತ, ಊರಲ್ಲಿ ಯಾರಿದ್ದಾರೆ ಎಂದು ಕೇಳಿದ. "ಅಕ್ಕ. ಫೋನ್ ಸಿಗ್ತಿಲ್ಲ" ಅಂದರು ಅಜ್ಜಿ. ಅಂದು ಅವನ ಕೈಗೆ ಇನ್ನೊಂದು ರೊಟ್ಟಿ ಇಟ್ಟರು.

ಕೆಲವು ದಿನಗಳಾದ ಮೇಲೆ ಅಕ್ಕನದೇ ಫೋನ್ ಬಂತು. ಮನೆಯ ಸೂರು ಹೋಗಿತ್ತು, ಆಕೆ ಬದುಕಿದ್ದರು. ಅಜ್ಜಿ ಅತ್ತು, ಆಮೇಲೆ ಬೀದಿಗೆಲ್ಲ ಸಿಹಿ ಹಂಚಿದರು. ಒಂದು ತಟ್ಟೆ ಹಿಡಿದು ನಾವಿಬ್ಬರೂ ಪೊಲೀಸ್ ಠಾಣೆಗೂ ಹೋದೆವು. "ಯಾರಿಗೆ?" ಎಂದು ಕೌಂಟರಿನಾಕೆ ಕೇಳಿದಳು. ಹೆಸರು ನಮಗೆಲ್ಲಿ ಗೊತ್ತು?

"ಆ ಉದ್ದನೆಯವನಿಗೆ" ಅಂದರು ಅಜ್ಜಿ.