‘ಶ್’ ಕರುಣಾಕರ
ಮಣಿಪಾಲದಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿದ್ದ ದೇಶವಿದೇಶಗಳ ಚೇಂಬರ್ ಮ್ಯೂಸಿಕ್, ಅಂದರೆ ಸಣ್ಣ ಸಭಾಂಗಣದ ಸಂಗೀತದ, ಉತ್ಸವಕ್ಕೆ ಕರುಣಾಕರ ಕಾರ್ಯದರ್ಶಿ; ಆದರೆ ಅವನ ನಿಜವಾದ ಕಸುಬು ಜನರ ಬಾಯಿ ಮುಚ್ಚಿಸುವುದು. ಜಪಾನಿನ ತಂತಿವಾದ್ಯವಿರಲಿ, ಹಂಗೇರಿಯ ಪಿಟೀಲಿರಲಿ, ಸದ್ದಾಗಬಾರದೆಂದು ಮೇ ತಿಂಗಳ ಸೆಕೆಯಲ್ಲೂ ಫ್ಯಾನು ನಿಲ್ಲಿಸುವನು, ಹೆಂಗಸರ ಬಳೆಗಳಿಗೆ ಕರವಸ್ತ್ರ ಸುತ್ತಿಸುವನು, ಕೆಮ್ಮುವವರ ಬಾಯಿಗೆ ಕಲ್ಲುಸಕ್ಕರೆ ತುರುಕುವನು. “ಬೆಂದು ಹೋದೆವು ಮಾರಾಯ್ರೆ, ಒಂದು ಫ್ಯಾನಾದರೂ ಹಾಕಿ” ಎಂದರೆ, “ಇದೆಂತ ಕಂಬಳವಾ? ಹೊರಗಿನವರ ಎದುರು ಮರ್ಯಾದೆ ತೆಗೆಯಬೇಡಿ” ಎನ್ನುವನು. ಅವನ “ಶ್!” ಕೇಳಿದರೆ ಗೋಡೆಯ ಹಲ್ಲಿಯೂ ಲೊಚಗುಟ್ಟುವುದಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಎಂಬತ್ತನಾಲ್ಕನೇ ಇಸವಿಯ ಉತ್ಸವದಲ್ಲಿ ಬಲ್ಗೇರಿಯಾದ ಹೆಂಗಸರು ಗೋಧಿ ಕೊಯ್ಲಿನ ಹಾಡು ಹಾಡಿದರು. ಅವರಲ್ಲಿ ಹಿರಿಯಳು ಒಂದು ಸಾಲು ಹಾಡಿ ಉಸಿರಿಗೆಂದು ನಿಂತದ್ದೇ, ಸಭೆಯ ಹಿಂದಿನಿಂದ ಯಾರೋ “ಓ…” ಎಂದು ನೀಳವಾಗಿ ಸೊಲ್ಲು ಕೊಟ್ಟರು. ಕರುಣಾಕರನ ಹುಟ್ಟೂರು ಇನ್ನಂಜೆಯ ಗದ್ದೆಗಳಲ್ಲಿ ಭತ್ತದ ನೇಜಿ ನೆಡುವಾಗ ಒಬ್ಬಳು ಎತ್ತಿದ ಸಾಲನ್ನು ಉಳಿದವರು ಒಂಟಿಯಾಗಿ ಬಿಡುವ ಕ್ರಮವಿಲ್ಲ. ಕರುಣಾಕರ ತಿರುಗಿಯೂ ನೋಡದೆ “ಶ್!” ಎಂದ. ಆಮೇಲೆ ನೋಡಿದ. ಯಾರೂ ಪರಿಚಯ ಕೇಳದಿರಲಿ ಎಂದು ತಾನೇ ಕೊನೆಯ ಮೂಲೆಯಲ್ಲಿ ಕೂರಿಸಿದ್ದ ಅಮ್ಮ, ಸೆರಗನ್ನು ಬಾಯಿಗೊತ್ತಿಕೊಂಡು ತಲೆ ತಗ್ಗಿಸಿದ್ದಳು. ಹಾಡುತ್ತಿದ್ದ ಹಿರಿಯಳು ಇನ್ನೊಂದು ಸಾಲು ಹಾಡಿ, ನಗುತ್ತ ಆ ಮೂಲೆಯನ್ನೇ ನೋಡುತ್ತ ಕಾದಳು. ಕರುಣಾಕರನ ಕಿವಿ ಬಿಸಿಯಾಯಿತು. ಹಿಂದೆ ಹೋಗಿ ಬಗ್ಗಿ, “ಹಾಡಮ್ಮಾ” ಎಂದ. “ಬೇಡ ಮಗಾ, ನಿನ್ನ ಮರ್ಯಾದೆ ಹೋಗ್ತದೆ” ಎಂದಳು ಅಮ್ಮ. ಅದನ್ನೂ ಪಿಸುಮಾತಿನಲ್ಲಿ, ಅವನು ಎಲ್ಲರಿಗೂ ಕಲಿಸಿದ ಹಾಗೆ.