ಒಂಬತ್ತನೇ ಪುಟ

ಭಾರತೀನಗರದಲ್ಲಿ ಬೆಳಿಗ್ಗೆ ಆರಕ್ಕೆ ಸಕ್ಕರೆ ಕಾರ್ಖಾನೆಯ ಸೈರನ್ ಕೂಗುತ್ತದೆ. ಅದರ ಕೊನೆಯ ಎಳೆ ಕಬ್ಬಿನ ಗದ್ದೆಗಳ ಮೇಲೆ ಕರಗುವಷ್ಟರಲ್ಲಿ ಪುಷ್ಪಾ ಒಲೆ ಹಚ್ಚಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಜಪಾನೀ ಪಾಠ ಕೇಳುತ್ತಿರುತ್ತಾಳೆ. ಆರು ವರ್ಷದಿಂದ ಹೀಗೆಯೇ.

ನಿಡಘಟ್ಟದ ಹತ್ತಿರ ಮೋಟಾರು ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಆಫೀಸಿನಲ್ಲಿ ಅವಳಿಗೆ ಕೆಲಸ. ಜಪಾನಿನ ಕಂಪನಿಯೊಂದು ಅಲ್ಲಿಂದ ಮಾಲು ಕೊಳ್ಳಲು ಮನಸ್ಸು ಮಾಡಿದಾಗ, ಆ ದೇಶದವರೊಡನೆ ನಡೆದುಕೊಳ್ಳುವ ರೀತಿಯ ಬಗ್ಗೆ ಇಂಗ್ಲಿಷಿನಲ್ಲಿ ಇಪ್ಪತ್ತು ಪುಟದ ಕೈಪಿಡಿ ಬರೆದವಳು ಅವಳು. ಮ್ಯಾನೇಜರ್ ಜಯಪ್ರಕಾಶ್ ಅದನ್ನು ಓದಲೇ ಇಲ್ಲ. ಮೇಲೆ ತಮ್ಮ ಹೆಸರು ಹಾಕಿ ಜಪಾನಿಗೂ ಕಳಿಸಿದರು. ಅವಳಿಗೆ ಸಿಗಬೇಕಿದ್ದ ಒಸಾಕಾ ತರಬೇತಿ ಅವರ ಪಾಲಾಯಿತು. ಮುಂದಿನ ತಿಂಗಳು ಪ್ರಯಾಣ.

ಪುಷ್ಪಾ ಅಳಲಿಲ್ಲ, ಜಗಳವಾಡಲಿಲ್ಲ. ಕಾದಳು.

ಒಸಾಕಾದಿಂದ ಆ ಕಂಪನಿಯ ಹಿರಿಯ ಅಧಿಕಾರಿ ಮೊರಿತಾ ಬರುವುದು ಗೊತ್ತಾದಾಗ ಜಯಪ್ರಕಾಶ್ ಉಡುಗೊರೆ ತಂದು ಅವಳ ಮೇಜಿನ ಮೇಲಿಟ್ಟರು. ಬೆಳ್ಳಿ ಹಿಡಿಯ ಪುಟ್ಟ ಮಚ್ಚು.

"ಮಂಡ್ಯ ಅಂದ್ರೆ ಕಬ್ಬು, ಕಬ್ಬು ಅಂದ್ರೆ ಮಚ್ಚು. ಎಂಗೈತೆ?"

"ಒಂಬತ್ತನೇ ಪುಟ ಒಂದ್ಸಲ ನೋಡಿ ಸಾರ್."

"ನನ್ ಪುಸ್ತಕ ನಂಗೇ ಓದುಸ್ತೀಯೇನಮ್ಮ? ಸುಮ್ನೆ ಪ್ಯಾಕ್ ಮಾಡು."

ಎರಡನೇ ಸಲ ಅವಳು ಹೇಳಲಿಲ್ಲ. ಮನೆಗೆ ಒಯ್ದು, ಹಾಲುಬಣ್ಣದ ಕಾಗದ ಕತ್ತರಿಸಿ, ಒಂದೊಂದು ಮೂಲೆಯನ್ನೂ ಉಗುರಿನಿಂದ ತೀಡಿ ಮಡಿಸಿದಳು. ತಾಯಿ ಜಯಲಕ್ಷ್ಮಮ್ಮ ಸೊಪ್ಪು ಸೋಸುತ್ತಾ ನೋಡಿದರು.

"ಮಚ್ಚಿಗೂ ಸೀರೆ ಉಡುಸ್ತಾ ಇದ್ದೀಯಲ್ಲೇ!"

"ಮದುವೆ ಐತೆ ಕಣವ್ವ, ನಮ್ ಸಾಯೇಬ್ರುದು," ಎಂದಳು. ನಗಲಿಲ್ಲ.

ಪುಷ್ಪಾ ದುಭಾಷಿಯಾಗಿ ಕೂತಿದ್ದ ಮಾತುಕತೆ ಮುಗಿದ ಮೇಲೆ ಮೊರಿತಾ ತಾವು ತಂದ ಚಹಾದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಲೆಬಾಗಿ ಕೊಟ್ಟರು. ಜಯಪ್ರಕಾಶ್ ಒಂದೇ ಕೈಯಲ್ಲಿ ಇಸಿದುಕೊಂಡು, ತಮ್ಮ ಪೊಟ್ಟಣ ಮುಂದೆ ತಳ್ಳಿದರು. ಕೊಟ್ಟವರ ಎದುರಿಗೆ ಬಿಚ್ಚುವುದು ಜಪಾನೀಯರಲ್ಲಿ ಮರ್ಯಾದೆಯಲ್ಲ. ಮುದುಕರು ಅದನ್ನು ಮೆಲ್ಲಗೆ ಪಕ್ಕಕ್ಕಿಟ್ಟರು.

"ಓಪನ್ ಸಾರ್, ಓಪನ್!" ಎಂದು ಜಯಪ್ರಕಾಶ್ ಬಿಡಲಿಲ್ಲ.

ಮುದುಕರು ಬಿಚ್ಚಿದರು. ಅಲಗು ಹೊಳೆಯಿತು. ಬಹಳ ಹೊತ್ತು ನೋಡಿ, ತಮ್ಮ ಚೀಲದಿಂದ ಕೈಪಿಡಿ ತೆಗೆದು ಒಂದು ಪುಟ ಬಿಡಿಸಿಟ್ಟು, ತಗ್ಗಿದ ದನಿಯಲ್ಲಿ ಏನೋ ಕೇಳಿದರು.

ಪುಷ್ಪಾ ಒಂದು ಮಾತೂ ಬಿಡದೆ ಕನ್ನಡಕ್ಕೆ ತಂದಳು. "ಅಲಗು ಕೊಟ್ರೆ ಸಂಬಂಧ ಕಡ್ಕೊಂಡಂಗೆ ಅಂತ ನೀವೇ ಬರ್ದಿದ್ದೀರಂತೆ. ತಿಳಿದೂ ತಿಳಿದೂ ಯಾಕೆ ಕೊಟ್ರಿ ಅಂತ ಕೇಳ್ತಾವ್ರೆ ಸಾರ್."

ಜಯಪ್ರಕಾಶ್ ಮುಖ ಬೆವರಿತು. "ನೀನೇ ಏನಾರ ಏಳಮ್ಮ ಪುಸ್ಪಾ. ನಿಂಗ್ ಗೊತ್ತಲ್ಲ, ಏನಾರ..."

ಅವಳು ಮೊರಿತಾ ಅವರಿಗೆ ಸೊಂಟ ಬಾಗಿಸಿ ವಂದಿಸಿದಳು. ಬ್ಯಾಗು ಹೆಗಲಿಗೇರಿಸಿದಳು.

"ಬರೆದೋರು ನೀವು, ನೀವೇ ಏಳಿ ಸಾರ್. ನಾನು ಪ್ಯಾಕ್ ಮಾಡೋಳು," ಎನ್ನುತ್ತಾ ಬಾಗಿಲು ತೆರೆದಳು. "ನಮ್ಮೂರ್ ಬಸ್ಸಿಗೆ ಒತ್ತಾಯ್ತು, ನಾಳೆಯಿಂದ ನಾನು ಕೆಲ್ಸಕ್ಕೆ ಬರಾಕಿಲ್ಲ."